ತೋಳಿಲ್ಲದ ಕತ್ತಿ

ಆ ಕಂಪನಿಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕಿತ್ತು. ಯಜಮಾನರು ಅಪ್ಪ. ಸಂಬಳ, ರಜೆ, ಬೈಗುಳ ಈ ಮೂರನ್ನೂ ನೋಡಿಕೊಳ್ಳುವವಳು ಅವರ ದೊಡ್ಡ ಮಗಳು. ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥರು ಆ ದೊಡ್ಡ ಮಗಳ ಗಂಡ. ಮದುವೆಯಾದಾಗ ಒಂದು ಸೂಟ್‌ಕೇಸು, ಒಂದು ಪದವಿ ಹಿಡಿದು ಬಂದು ಮನೆಯಳಿಯನಾಗಿ ಉಳಿದವರು. ಯಾರಿಗೂ ಏನೂ ಆಗಬೇಕಿಲ್ಲದ ನಾಲ್ಕಾರು ಪ್ರೋಗ್ರಾಮರುಗಳೂ ಇದ್ದರು. ಅವರು ಬರುತ್ತಿದ್ದರು, ಕಲಿಯುತ್ತಿದ್ದರು, ಹೋಗುತ್ತಿದ್ದರು.

ಟೈರ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಕಟ್ಟಡದಲ್ಲಿ ಕೆಳಗೆ ಆಫೀಸು, ಮೇಲೆ ಮನೆ. ಮಧ್ಯದ ಮೆಟ್ಟಿಲು ಇಳಿಯುವಾಗ ‘ಭಾವ’ ಎನ್ನುವುದು ‘ಸರ್’ ಆಗಬೇಕು, ಹತ್ತುವಾಗ ‘ಸರ್’ ಮತ್ತೆ ‘ಭಾವ’ ಆಗಬೇಕು. ಮನೆಯ ವಿಷಯ ಆಫೀಸಿನಲ್ಲಿ ಬೇಡ, ಆಫೀಸಿನ ವಿಷಯ ಮನೆಯಲ್ಲಿ ಬೇಡ ಎಂಬುದು ಅಪ್ಪನ ಕಟ್ಟುನಿಟ್ಟು. ಇದನ್ನು ಅವರು ದಿನವೂ ಊಟದ ಮೇಜಿನಲ್ಲಿ ಹೇಳಿ, ಮಾರನೆಯ ದಿನದ ಕೆಲಸ ಹಂಚುತ್ತಿದ್ದರು.

ಚಿಕ್ಕ ಮಗಳು ಇಲ್ಲಿಗೆ ಸೇರಿದ್ದು ತಡವಾಗಿ. ಬೇರೆ ಕಡೆ ಕೆಲವು ವರ್ಷ ದುಡಿದಿದ್ದಳು. ಅಲ್ಲಿ ಅವಳಿದ್ದ ವಿಭಾಗಕ್ಕೇ ಬಾಗಿಲು ಹಾಕಿದರು. ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಚಿಕ್ಕವಳು ಎಂದೇ. ಆಫೀಸಿನಲ್ಲಿ ಗೌರವ ಸೇರಿಸಿ ಚಿಕ್ಕ ಮೇಡಂ ಎಂದರು. ಮೊದಲ ದಿನವೇ ಭಾವ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೂಲಮಾತೆಯ ಪರಿಚಯ ಮಾಡಿಸಿದರು.

ಮೂಲಮಾತೆ ಎಂದರೆ ಭಾವ ಹತ್ತು ವರ್ಷ ಕೂತು ಬರೆದ ಕೃತಿ. ಪ್ರೋಗ್ರಾಮಿನೊಳಗೆ ಗಿರಾಕಿಯಿರಲಿ, ಟೋಪಿಯಿರಲಿ, ರಸೀದಿಯಿರಲಿ, ಪ್ರತಿಯೊಂದಕ್ಕೂ ಒಂದೊಂದು ಆಬ್ಜೆಕ್ಟ್ ಮಾಡುತ್ತಾರೆ. ಆ ವಸ್ತುವಿನ ವಿವರಗಳನ್ನೆಲ್ಲ ಕಟ್ಟಿಟ್ಟ ಒಂದು ಗಂಟು ಅದು. ಕಂಪ್ಯೂಟರ್ ಆರಿಸಿದರೆ ಗಂಟು ಮಾಯ. ಮಾಯವಾಗಬಾರದು ಅಂದರೆ ಡೇಟಾಬೇಸಿನಲ್ಲಿ ಇಡಬೇಕು. ಇಷ್ಟೇ ವಿಷಯ. ಆದರೆ ಯಾವ ಆಬ್ಜೆಕ್ಟೂ ಬರಿಗೈಯಲ್ಲಿ ಹುಟ್ಟಬಾರದು ಎಂಬುದು ಭಾವನ ಸಿದ್ಧಾಂತ. ಡೇಟಾಬೇಸಿನ ವಿಳಾಸ, ಅದರ ಬೀಗದ ಕೈ, ತನ್ನನ್ನು ತಾನೇ ಉಳಿಸಿಕೊಳ್ಳುವ ವಿದ್ಯೆ, ಇವೆಲ್ಲ ಹುಟ್ಟುವಾಗಲೇ ತಾಯಿಯಿಂದ ಬರಬೇಕು. ಆ ತಾಯಿಯೇ ಮೂಲಮಾತೆ. ಕಂಪನಿ ಬರೆದ ಪ್ರತಿಯೊಂದು ಆಬ್ಜೆಕ್ಟೂ ಅವಳ ಮಗುವೋ ಮೊಮ್ಮಗುವೋ ಆಗಿರಲೇಬೇಕು. ಯಾರು ಯಾರಿಗೆ ಏನಾಗಬೇಕು ಎಂಬ ವಂಶವೃಕ್ಷವನ್ನು ಭಾವ ಗೋಡೆಯ ತುಂಬ ಅಂಟಿಸಿದ್ದರು. ಕಿಟಕಿಗೆ ಅಡ್ಡ ಬಂದದ್ದರಿಂದ ಹಗಲೂ ದೀಪ ಉರಿಯುತ್ತಿತ್ತು.

“ಒಂದು ಟೋಪಿ ಡೇಟಾಬೇಸಿನ ಬೀಗದ ಕೈ ಇಟ್ಕೊಂಡು ಏನು ಮಾಡುತ್ತೆ ಸರ್?” ಎಂದು ಚಿಕ್ಕವಳು ಕೇಳಿದಳು.

“ಉಳಿಯುತ್ತೆ,” ಎಂದರು ಭಾವ. ಆ ಗಾಂಭೀರ್ಯ ನೋಡಿದರೆ ಟೋಪಿಗೆ ಅದಕ್ಕಿಂತ ದೊಡ್ಡ ಆಸೆ ಇರಲಾರದು ಅನ್ನಿಸುತ್ತಿತ್ತು.

ಅವಳಿಗೆ ಸಿಕ್ಕ ಮೊದಲ ಕೆಲಸ ನಾಟಕದ ಉಡುಪು ಬಾಡಿಗೆಗೆ ಕೊಡುವ ಮಳಿಗೆಯದು. ಮುಚ್ಚಿಹೋದ ಒಂದು ಚಿತ್ರಮಂದಿರದ ನೆಲಮಾಳಿಗೆಯಲ್ಲಿ ಆ ಮಳಿಗೆ. ಇಳಿಯುತ್ತಿದ್ದಂತೆ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕಬ್ಬಿಣದ ಪೈಪುಗಳ ಮೇಲೆ ರಾಜರು, ಪೊಲೀಸರು, ಭಿಕ್ಷುಕರು, ದೇವತೆಗಳು ಭುಜಕ್ಕೆ ಭುಜ ತಾಗಿಸಿ ನೇತಾಡುತ್ತಿದ್ದರು. ಗೋಡೆಯುದ್ದಕ್ಕೂ ಮರದ ಕತ್ತಿಗಳು, ಪೆಟ್ಟಿಗೆಗಳಲ್ಲಿ ಗಡ್ಡಮೀಸೆಗಳು. ಇದಕ್ಕೆಲ್ಲ ಒಡತಿಯಾದ ಹೆಂಗಸನ್ನು ನಾಟಕದವರು ಪೋಷಾಕಿನಮ್ಮ ಎನ್ನುತ್ತಿದ್ದರು. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು, ತುಟಿಗಳ ನಡುವೆ ಗುಂಡುಸೂಜಿ. ಸೂಜಿ ತೆಗೆಯದೆಯೇ ಮಾತನಾಡುವುದು ಅವಳಿಗೆ ರೂಢಿ. ತೆಗೆದು ಮಾತನಾಡಿದಳೆಂದರೆ ಕೇಳುವವರು ಎರಡು ಹೆಜ್ಜೆ ಹಿಂದೆ ಸರಿಯುವುದು ಒಳ್ಳೆಯದು.

“ನಂಗೆ ಜಾಸ್ತಿ ಏನೂ ಬೇಡಮ್ಮ. ಯಾವುದು ಎಲ್ಲಿದೆ, ಯಾರ ಹತ್ರ ಇದೆ, ಒಗೆಯೋಕೆ ಹೋಗಿದೆಯಾ, ಅಷ್ಟು ಗೊತ್ತಾದ್ರೆ ಸಾಕು,” ಎಂದು ಅವಳು ಸೂಜಿ ಕಚ್ಚಿಕೊಂಡೇ ಹೇಳಿದಳು.

ಚಿಕ್ಕವಳು ಮೂಲಮಾತೆಯ ವಂಶದಲ್ಲಿ ‘ಅಂಗಿ’ ಎಂಬ ಹೊಸ ಮಗುವನ್ನು ಹುಟ್ಟಿಸಿದಳು. ತೋಳೆಷ್ಟು, ಉದ್ದವೆಷ್ಟು, ಬಣ್ಣ ಯಾವುದು ಎಂದೆಲ್ಲ ಬರೆದಳು. ಆಮೇಲೆ, ಯಾರಾದರೂ ತಪ್ಪು ಸಂಖ್ಯೆ ಒತ್ತಿದರೆ ಪ್ರೋಗ್ರಾಮು ತಡೆಯುತ್ತದೆಯೋ ಇಲ್ಲವೋ ನೋಡೋಣವೆಂದು ಮೂರು ತೋಳಿನ ಒಂದು ನೇರಳೆ ಅಂಗಿಯನ್ನು ಪರೀಕ್ಷೆಗಾಗಿ ಸೃಷ್ಟಿಸಿದಳು. ಪ್ರೋಗ್ರಾಮು ತಡೆಯಲಿಲ್ಲ. ಅಷ್ಟೇ ಆಗಿದ್ದರೆ ಸರಿಪಡಿಸಬಹುದಿತ್ತು. ಮೂಲಮಾತೆಯ ಮಕ್ಕಳು ಹುಟ್ಟಿದ ಕ್ಷಣವೇ ಯಾರನ್ನೂ ಕೇಳದೆ ಡೇಟಾಬೇಸಿಗೆ ಓಡಿಹೋಗಿ ಹೆಸರು ಬರೆಸಿಕೊಳ್ಳುತ್ತವೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಪರೀಕ್ಷೆಯ ಅಂಗಿ, ನಿಜವಾದ ಅಂಗಿ ಎಂಬ ಭೇದಭಾವ ತಾಯಿಗಿಲ್ಲ. ನೇರಳೆ ಅಂಗಿ ಮಳಿಗೆಯ ಕ್ಯಾಟಲಾಗಿನಲ್ಲಿ ಎಲ್ಲರಿಗೂ ಕಾಣುವಂತೆ ಹೋಗಿ ಕೂತಿತು.

ಅಳಿಸಲು ಹೋದರೆ ಆಗಲಿಲ್ಲ. ಪಕ್ಕದ ಪ್ರೋಗ್ರಾಮರ್ ಮೆಲ್ಲಗೆ ಹೇಳಿದ: “ತಾಯಿ ಮಕ್ಕಳನ್ನ ಕೊಲ್ಲಲ್ಲ ಅಂತ ಸರ್ ಹೇಳ್ತಾರೆ ಮೇಡಂ. ಅಳಿಸೋ ಅಧಿಕಾರ ಅವರಿಗೆ ಮಾತ್ರ.”

ಭಾವ ಆ ವಾರ ಸಮ್ಮೇಳನವೊಂದಕ್ಕೆ ಹೋಗಿದ್ದರು. ಅಲ್ಲಿ ಮೂಲಮಾತೆಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದುದರಿಂದ ಫೋನ್ ಎತ್ತಲಿಲ್ಲ. ಅವರು ವಾಪಸ್ಸು ಬರುವಷ್ಟರಲ್ಲಿ ಒಂದು ನಾಟಕ ತಂಡ ಕ್ಯಾಟಲಾಗು ನೋಡಿ, ಮೂರು ತೋಳಿನ ಅಂಗಿಯನ್ನು ತಮ್ಮ ಹೊಸ ಪ್ರಯೋಗಕ್ಕೆ ಕಾದಿರಿಸಿಬಿಟ್ಟಿತ್ತು. ನಿರ್ದೇಶಕ ಸಂತೋಷದಿಂದ ಹುಚ್ಚನಾಗಿದ್ದ. ಇಂಥದ್ದನ್ನೇ ವರ್ಷಗಟ್ಟಲೆ ಹುಡುಕುತ್ತಿದ್ದನಂತೆ. ಇದು ಕಣ್ತಪ್ಪಿನಿಂದ ಆದದ್ದು, ಅಂಥ ಅಂಗಿಯೇ ಇಲ್ಲ ಎಂದರೆ ಅವನು ನಂಬಲು ತಯಾರಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದ.

ಪೋಷಾಕಿನಮ್ಮ ಫೋನ್ ಮಾಡಿದಳು. ಸೂಜಿ ಬಾಯಲ್ಲಿರಲಿಲ್ಲ, ಮಾತು ಬಹಳ ಸ್ಪಷ್ಟವಾಗಿತ್ತು. ಕೊನೆಗೆ ದಾರಿ ಕಾಣದೆ ಅವಳು ದರ್ಜಿಯನ್ನು ಕೂರಿಸಿ ನೇರಳೆ ಬಟ್ಟೆಗೆ ಮೂರನೆಯ ತೋಳು ಹೊಲಿಸಿದಳು. ಅದನ್ನು ಎಲ್ಲಿ ಕೂರಿಸಬೇಕೆಂದು ದರ್ಜಿಗೆ ತಿಳಿಯದೆ ನಿರ್ದೇಶಕನನ್ನು ಕೇಳಿದರೆ, ಅವನು ಕಣ್ಣು ಮುಚ್ಚಿಕೊಂಡು “ಎದೆಯಿಂದ ಬರಲಿ” ಎಂದನಂತೆ.

ಭಾವ ಹಿಂತಿರುಗಿ ಎಲ್ಲವನ್ನೂ ಕೇಳಿಸಿಕೊಂಡರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಅಂದ್ರೆ, ಇಲ್ಲದೇ ಇರೋ ವಸ್ತುವಿಗೂ ನಮ್ಮ ಸಾಫ್ಟ್‌ವೇರು ಗಿರಾಕಿ ತಂದುಕೊಡ್ತು,” ಎಂದರು.

“ಸರ್, ಅಂಗಿ ಹುಟ್ಟಿದ ತಕ್ಷಣ ಡೇಟಾಬೇಸಿಗೆ ಹೋಗೋದೇ ತಪ್ಪಲ್ವಾ? ನಾನು ಇಡು ಅಂದಾಗ ಇಟ್ರೆ ಸಾಕು.”

“ತಪ್ಪು ತೋಳಿನದ್ದು. ತೋಳನ್ನ ನಾನು ನೋಡ್ಕೋತೀನಿ.”

ನೋಡಿಕೊಂಡರು ಕೂಡ. ಎಲ್ಲ ತಿದ್ದುಪಡಿಯೂ ತಾಯಿಯಲ್ಲೇ ಆಗಬೇಕೆಂಬುದು ಅವರ ಪದ್ಧತಿ. ಹಾಗಾಗಿ ತೋಳಿನ ಸಂಖ್ಯೆ ಎಂಬ ಕಾಲಮ್ಮನ್ನು ಅಂಗಿಯಿಂದ ಕಿತ್ತು ಮೂಲಮಾತೆಗೇ ಸೇರಿಸಿ, ಒಂದು ಅಥವಾ ಎರಡು, ಬೇರೆ ಯಾವುದೂ ನಡೆಯದು, ಖಾಲಿಯೂ ಬಿಡುವಂತಿಲ್ಲ ಎಂದು ಕಾಯಿದೆ ಮಾಡಿದರು. ತಾಯಿಗೆ ಬಂದದ್ದು ಮಕ್ಕಳಿಗೆ ಬರದೆ ಇರುತ್ತದೆಯೇ? ಬೆಳಗಾಗುವಷ್ಟರಲ್ಲಿ ಮಳಿಗೆಯ ಟೋಪಿಗಳಿಗೂ ಬೂಟುಗಳಿಗೂ ಗಡ್ಡಗಳಿಗೂ ತೋಳು ಕಡ್ಡಾಯವಾಯಿತು. ಗಿರಾಕಿಗಳಿಗೂ ಕೂಡ. ಬಾಡಿಗೆಗೆ ಬಂದವರ ಹೆಸರು, ಫೋನ್ ನಂಬರ್ ಕೇಳಿದ ಮೇಲೆ ಪೋಷಾಕಿನಮ್ಮ “ತೋಳೆಷ್ಟು?” ಎಂದು ಕೇಳಬೇಕಿತ್ತು. ಒಬ್ಬ ಮುದುಕ ನಟ ಇದನ್ನು ತನ್ನ ವಯಸ್ಸಿಗೆ ಮಾಡಿದ ಗೇಲಿಯೆಂದು ತಿಳಿದು ಮುಖ ಸಿಂಡರಿಸಿಕೊಂಡು ಹೊರಟುಹೋದ.

ಅಷ್ಟರಲ್ಲಿ ಚಿಕ್ಕವಳಿಗೆ ತಾಳ್ಮೆ ಮುಗಿದಿತ್ತು. ವಂಶವೃಕ್ಷದ ಗೋಡೆಗೆ ಬೆನ್ನು ಮಾಡಿ ಕೂತು, ಒಂದು ಮಧ್ಯಾಹ್ನ ಮಳಿಗೆಯ ಇಡೀ ಕೆಲಸವನ್ನು ಬೇರೆ ರೀತಿಯಲ್ಲಿ ಬರೆದಳು. ಅವಳ ಅಂಗಿ ಬರೀ ಅಂಗಿ. ಅದಕ್ಕೆ ತಾಯಿಯಿಲ್ಲ, ಬೀಗದ ಕೈಯಿಲ್ಲ, ಡೇಟಾಬೇಸು ಎಂಬುದೊಂದು ಲೋಕದಲ್ಲಿದೆಯೆಂಬ ಸುದ್ದಿಯೂ ಇಲ್ಲ. ಬಣ್ಣ, ಉದ್ದ, ತೋಳು, ಈಗ ಯಾರ ಬಳಿ ಇದೆ, ಅಷ್ಟೇ. ಕತ್ತಿ ಬರೀ ಕತ್ತಿ. ಇವನ್ನು ಒಯ್ದು ಡೇಟಾಬೇಸಿನಲ್ಲಿ ಇಡುವುದಕ್ಕೂ ಕೇಳಿದಾಗ ತಂದುಕೊಡುವುದಕ್ಕೂ ಪಕ್ಕದಲ್ಲಿ ಬೇರೆಯೇ ಒಂದು ತುಣುಕು ಬರೆದಳು. ಅದಕ್ಕೆ ‘ಉಗ್ರಾಣ’ ಎಂದು ಹೆಸರಿಟ್ಟಳು. ಇಡು ಎಂದರೆ ಇಡುತ್ತದೆ, ಬೇಡವೆಂದರೆ ಇಲ್ಲ. ಪರೀಕ್ಷೆಗೆಂದು ಈಗ ನೂರು ತೋಳಿನ ಅಂಗಿ ಮಾಡಿದರೂ ಯಾವ ನಿರ್ದೇಶಕನ ಕಿವಿಗೂ ಬೀಳುವುದಿಲ್ಲ.

ಭಾವ ಬಂದು ಪರದೆಯನ್ನು ಬಗ್ಗಿ ನೋಡಿದರು. ಮೇಲೆ ಕೆಳಗೆ ಸರಿಸಿದರು. ಸರಿಸಲು ಹೆಚ್ಚೇನೂ ಇರಲಿಲ್ಲ.

“ಇದರಲ್ಲಿ ಏನೂ ಇಲ್ವಲ್ಲ.”

“ಏನೂ ಇಲ್ಲ ಸರ್. ಅದಕ್ಕೇ ಚೆನ್ನಾಗಿ ನಡೀತಿದೆ.”

“ನೋಡಮ್ಮ, ಇದನ್ನ ಯಾರು ಬೇಕಾದ್ರೂ ಓದಿ ಅರ್ಥ ಮಾಡ್ಕೋಬಹುದು.”

“ಹೌದು ಸರ್.”

“ಅದೇ ನನ್ನ ಆತಂಕ,” ಎಂದರು ಭಾವ. “ನಾಳೆ ಯಾರೋ ದಾರೀಲಿ ಹೋಗೋರು ಬಂದು ಬರೀತಾರೆ. ಆಮೇಲೆ ನಾವೆಲ್ಲ ಯಾಕೆ?” ಮೆಟ್ಟಿಲು ಹತ್ತದೆಯೇ ದನಿ ತಗ್ಗಿಸಿ, ಮನೆಯ ಹೆಸರು ಹಿಡಿದು, “ಚಿಕ್ಕವಳೇ, ಇದನ್ನ ಇಲ್ಲಿಗೇ ಬಿಟ್ಟುಬಿಡು,” ಎಂದು ಸೇರಿಸಿದರು.

ಅವಳು ಬಿಟ್ಟಳು. ಅಂದರೆ, ಅಳಿಸದೆ ಒಂದು ಕಡೆ ಇಟ್ಟಳು.

ಸಾಯಂಕಾಲ ಅಕ್ಕನ ಕೋಣೆಗೆ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು. ಅಕ್ಕ ರಜೆಯ ಅರ್ಜಿಗಳನ್ನು ಒಂದೊಂದಾಗಿ ತಿರಸ್ಕರಿಸುತ್ತ ಕೇಳಿಸಿಕೊಂಡಳು.

“ನಂಗೆ ಈ ಆಬ್ಜೆಕ್ಟು ಗೀಬ್ಜೆಕ್ಟು ತಿಳಿಯಲ್ಲ,” ಎಂದಳು ಕೊನೆಗೆ. “ಆದ್ರೆ ಇವರು ಈ ಮನೆಗೆ ಬಂದಾಗಿಂದ ನೋಡ್ತಿದ್ದೀನಿ. ಕಿಟಕಿ ಪರದೆ ಬಣ್ಣ ಯಾವುದಿರಲಿ ಅಂತ ಅಪ್ಪ ಕೇಳೋದು ನನ್ನನ್ನ. ಕಾರು ಯಾವುದು ತಗೊಳ್ಳೋಣ ಅಂತ ಕೇಳೋದು ನಿನ್ನನ್ನ. ಇವರನ್ನ ಕೇಳೋದು ಉಪ್ಪು ಈ ಕಡೆ ಕೊಡ್ತೀರಾ ಅಂತ. ಇವರ ಮಾತು ಕೇಳೋ ಸಂಸಾರ ಅಂದ್ರೆ ಆ ಗೋಡೆ ಮೇಲಿರೋದೊಂದೇ. ಅದಕ್ಕೂ ಕೈ ಹಾಕಿದ್ರೆ ಹೇಗೆ?”

ಚಿಕ್ಕವಳು ಇದನ್ನು ಈ ಕಡೆಯಿಂದ ಯೋಚಿಸಿರಲಿಲ್ಲ. ಪಾಪ ಅನ್ನಿಸಿತು. ಆದರೆ ಆ ಪಾಪಕ್ಕಾಗಿ ಊರಿನ ಗಡ್ಡಮೀಸೆಗಳಿಗೆಲ್ಲ ತೋಳು ಬರೆಯುತ್ತ ಕೂರಬೇಕೇ ಎಂಬುದಕ್ಕೆ ಅಕ್ಕನ ಬಳಿಯೂ ಉತ್ತರ ಇರಲಿಲ್ಲ.

ಉತ್ತರ ಪೋಷಾಕಿನಮ್ಮನ ಬಳಿ ಇತ್ತು. ಒಂದು ಬೆಳಿಗ್ಗೆ ಅವಳು ಮರದ ಕತ್ತಿಯೊಂದನ್ನು ಹಿಡಿದು ಆಫೀಸಿನೊಳಗೆ ನುಗ್ಗಿದಳು. ದಾರಿಯಲ್ಲಿ ಟೈರ್ ಅಂಗಡಿಯವರು ಕೆಲಸ ನಿಲ್ಲಿಸಿ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. ಅವಳು ನೇರವಾಗಿ ಅಪ್ಪನ ಮೇಜಿನ ಮೇಲೆ ಕತ್ತಿ ಇಟ್ಟಳು.

“ಸ್ವಾಮಿ, ಇದಕ್ಕೆ ತೋಳೆಲ್ಲಿದೆ ತೋರಿಸಿ.”

ಅಪ್ಪ ಕತ್ತಿಯನ್ನು ಎರಡೂ ಬದಿ ತಿರುಗಿಸಿ ನೋಡಿದರು. “ಇಲ್ಲ,” ಎಂದು ಒಪ್ಪಿಕೊಂಡರು.

“ಇಲ್ಲ ತಾನೆ? ಸೊನ್ನೆ ಅಂತ ಒತ್ತಿದ್ರೆ ನಿಮ್ಮ ಕಂಪ್ಯೂಟರು ಒಪ್ಪಲ್ಲ. ಒಂದು ಅಂತ ಒತ್ತಿದೆ. ಒಪ್ತು. ಆಮೇಲೆ ಎರಡನೇ ತೋಳು ಹರಿದುಹೋಗಿದೆ, ಹೊಲಿಗೆಗೆ ಕಳಿಸಿ ಅಂತ ಎಲ್ಲಾ ಕತ್ತಿಗಳನ್ನೂ ತಡೆಹಿಡೀತು. ಇವತ್ತು ಸಂಜೆ ಯುದ್ಧದ ನಾಟಕ ಇದೆ. ಎರಡು ಸೈನ್ಯ ಬರಿಗೈಲಿ ನಿಂತಿದೆ. ನಾನು ಈ ಕಡೆಯವರಿಗೆ ಏನು ಹೇಳಲಿ, ಆ ಕಡೆಯವರಿಗೆ ಏನು ಹೇಳಲಿ?”

“ಬಾಡಿಗೆ ಚೀಟಿ ಇಲ್ದೆ ಹಾಗೇ ಕೊಟ್ಟುಬಿಡಬಹುದಿತ್ತಲ್ಲ?” ಎಂದು ಅಪ್ಪ ಕೇಳಿದರು.

“ಹಾಗೇ ಕೊಡೋದಾದ್ರೆ ನಿಮ್ಮನ್ನ ಯಾಕೆ ಇಟ್ಕೊಂಡೆ?”

ಅಪ್ಪ ಅಳಿಯನನ್ನು ಕರೆಸಿದರು. ಭಾವ ಬಂದು, ಇದು ಆಳವಾದ ಪ್ರಶ್ನೆ, ಕತ್ತಿಗೂ ಅಂಗಿಗೂ ಮೂಲದಲ್ಲಿ ವ್ಯತ್ಯಾಸವಿದೆಯೇ ಎಂಬುದನ್ನು ಮೊದಲು ತೀರ್ಮಾನಿಸಬೇಕು, ಅದಕ್ಕೆ ಎರಡು ವಾರ ಬೇಕು ಎಂದರು. ಪೋಷಾಕಿನಮ್ಮ ಮೆಲ್ಲಗೆ ಕತ್ತಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು. ಅದು ಮರದ್ದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಭಾವ ಕುರ್ಚಿಯ ಹಿಂದೆ ಸರಿದರು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಒಮ್ಮೆ ಗಂಡನನ್ನು, ಒಮ್ಮೆ ತಂಗಿಯನ್ನು ನೋಡಿದಳು. “ಚಿಕ್ಕವಳ ಹತ್ರ ಏನೋ ಒಂದು ಇದೆಯಂತೆ,” ಎಂದಳು. ಬಾಂಬಿನ ಸುದ್ದಿ ಹೇಳುವವರ ಹಾಗೆ, ಯಾರ ಮುಖವನ್ನೂ ನೋಡದೆ.

ಚಿಕ್ಕವಳು ತೆಗೆದು ತೋರಿಸಿದಳು. ಮಳಿಗೆಯ ಕತ್ತಿಗಳನ್ನೆಲ್ಲ ಅದರೊಳಗೆ ಇಳಿಸಲು ಪೋಷಾಕಿನಮ್ಮ ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತು ಹಿಡಿಯಿತು. ಯಾವ ಕತ್ತಿಯೂ ತೋಳು ಕೇಳಲಿಲ್ಲ. ಚೀಟಿಗಳು ಸಾಲಾಗಿ ಹೊರಬಂದವು. ಬಾಗಿಲಲ್ಲಿದ್ದ ಟೈರ್ ಅಂಗಡಿಯವರು ಜಗಳ ಇಷ್ಟಕ್ಕೇ ಮುಗಿಯಿತೇ ಎಂಬ ಬೇಸರದಲ್ಲಿ ವಾಪಸ್ಸು ಹೋದರು.

ಪೋಷಾಕಿನಮ್ಮ ಪರದೆಯನ್ನು ನೋಡಿ, “ಇದೇನು, ಬರೀ ಕತ್ತಿ ಅಂತ ಇದೆ?” ಎಂದಳು.

“ಕತ್ತಿ ಅಷ್ಟೇ ಅಮ್ಮ.”

“ಇದನ್ನ ಮೊದಲೇ ಕೊಡೋಕೆ ಏನಾಗಿತ್ತು?”

ಅಕ್ಕ ಅವಳನ್ನು ಬೀದಿಬಾಗಿಲ ತನಕ ಬಿಟ್ಟುಬಂದಳು.

ಆ ದಿನದ ಊಟದ ಮೇಜಿನಲ್ಲಿ ಅಪ್ಪ ತೀರ್ಪು ಕೊಟ್ಟರು. ಗಿರಾಕಿಯನ್ನು ಕಳೆದುಕೊಳ್ಳುವಂತಿಲ್ಲ, ಅಳಿಯನ ಮುಖ ಕೆಡಿಸುವಂತಿಲ್ಲ. ಆದ್ದರಿಂದ ಇನ್ನು ಮುಂದೆ ಎಲ್ಲ ಕೆಲಸವೂ ಚಿಕ್ಕವಳ ಸರಳ ಆಬ್ಜೆಕ್ಟುಗಳಲ್ಲೇ ನಡೆಯತಕ್ಕದ್ದು. ಅದನ್ನು ಮೂಲಮಾತೆಯ ಒಂಬತ್ತನೆಯ ಆವೃತ್ತಿ ಎಂದು ಕರೆಯತಕ್ಕದ್ದು. ಮೂಲಮಾತೆಯ ಒಂದೇ ಒಂದು ಸಾಲೂ ಅದರಲ್ಲಿಲ್ಲವಲ್ಲ ಎಂದು ಚಿಕ್ಕವಳು ಬಾಯಿ ತೆರೆದಳು. ಅಕ್ಕ ಮೇಜಿನ ಕೆಳಗೆ ಕಾಲು ಒತ್ತಿದಳು. ಬಾಯಿ ಮುಚ್ಚಿತು.

ಒಂದು ತಿಂಗಳಲ್ಲಿ ಭಾವ ಸರಳತೆಯ ದೊಡ್ಡ ಪ್ರತಿಪಾದಕರಾದರು. ವಸ್ತು ವಸ್ತುವಾಗಿಯೇ ಇರಬೇಕು, ಉಳಿಸುವ ಕೆಲಸ ಉಗ್ರಾಣದ್ದು ಎಂದು ತಾವೇ ಕಂಡುಹಿಡಿದವರ ಹಾಗೆ ಹೇಳತೊಡಗಿದರು. ಎರಡು ಸಮ್ಮೇಳನಗಳಲ್ಲಿ ಚಪ್ಪಾಳೆಯೂ ಬಿತ್ತು. ಸರಳತೆ ಎಂದರೇನು ಎಂಬುದಕ್ಕೆ ದಪ್ಪನೆಯ ಕೈಪಿಡಿ ತಯಾರಾಯಿತು. ಹೊಸಬರಿಗೆಲ್ಲ ಮೂರು ದಿನದ ಸರಳತಾ ತರಬೇತಿ ಕಡ್ಡಾಯ. ಚಿಕ್ಕವಳಿಗೂ ವಿನಾಯಿತಿ ಇರಲಿಲ್ಲ. ಅವಳು ಮುಂದಿನ ಸಾಲಿನಲ್ಲಿ ಕೂತು, ತಾನು ಬರೆದ ಅಂಗಿಯ ಬಗ್ಗೆ ಭಾವನ ಬಾಯಿಂದ ಕೇಳಿ ತಿಳಿದುಕೊಂಡಳು. ಪರೀಕ್ಷೆಯಲ್ಲಿ ಅವಳಿಗೆ ಎರಡು ಅಂಕ ಕಡಿಮೆ ಬಂತು. ಉತ್ತರ ಬಹಳ ಚಿಕ್ಕದಾಯಿತಂತೆ.

ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೇರೆ ಕಡೆ ಅರ್ಜಿ ಹಾಕಿದಳು, ಒಂದೆರಡು ಕಡೆ ಕರೆಯೂ ಬಂತು. ಆದರೆ ಬೆಳಿಗ್ಗೆ ಬಂದು ಕೂತರೆ ಕೆಲಸ ಸಲೀಸಾಗಿ ಸಾಗುತ್ತಿತ್ತು. ಪ್ರೋಗ್ರಾಮರುಗಳು ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಿದ್ದರು, ಗಿರಾಕಿಗಳು ಫೋನ್ ಮಾಡುವುದನ್ನೇ ಬಿಟ್ಟಿದ್ದರು. ಗೋಡೆಯಿಂದ ವಂಶವೃಕ್ಷ ಇಳಿದು ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಹೆಸರು ಯಾರದ್ದಾದರೂ ಇರಲಿ ಎಂದುಕೊಳ್ಳುವಷ್ಟು ಅವಳು ದೊಡ್ಡವಳಲ್ಲ. ಅದಕ್ಕಾಗಿ ಬಿಸಿಲನ್ನು ಬಿಟ್ಟುಹೋಗುವಷ್ಟು ದಡ್ಡಿಯೂ ಅಲ್ಲ.

ಹೀಗಿರುವಾಗ ಒಂದು ರಜೆಯ ದಿನ ಭಾವ ಅವಳನ್ನು ತಾರಸಿಗೆ ಕರೆದರು. ಅಲ್ಲಿ ಸಾಲಾಗಿ ಕಳ್ಳಿಗಿಡದ ಕುಂಡಗಳಿದ್ದವು. ಭಾವ ಇದನ್ನೆಲ್ಲ ಸಾಕಿಕೊಂಡಿದ್ದಾರೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿದ್ದಂತಿಲ್ಲ.

“ಯಾವುದಕ್ಕೆ ಯಾವಾಗ ನೀರು ಹಾಕಿದೆ ಅಂತ ಮರೆತುಹೋಗುತ್ತೆ,” ಎಂದರು ಭಾವ ಲ್ಯಾಪ್‌ಟಾಪನ್ನು ಮುಂದಕ್ಕೆ ತಳ್ಳುತ್ತ. “ಜಾಸ್ತಿ ಹಾಕಿದ್ರೆ ಕೊಳೆತುಹೋಗ್ತವೆ. ಒಂದು ಸಣ್ಣ ಪ್ರೋಗ್ರಾಮು ಬೇಕಿತ್ತು.”

“ನೀವೇ ಬರೀಬಹುದಲ್ಲ ಭಾವ?”

ಅವರು ಒಂದು ಕುಂಡವನ್ನು ಸ್ವಲ್ಪ ತಿರುಗಿಸಿದರು, ಮತ್ತೆ ಮೊದಲಿನ ಹಾಗೇ ಇಟ್ಟರು. “ಬರೆಯೋಕೆ ಕೂತೆ. ಗಿಡಕ್ಕೆ ಮೊದಲು ಸಸ್ಯ ಅಂತ ಒಂದು ತಂದೆ ಮಾಡಿದೆ. ಅದಕ್ಕೆ ಜೀವಿ ಅಂತ ಒಂದು ಅಜ್ಜ. ಮೂರು ಭಾನುವಾರ ಆಯ್ತು, ಇನ್ನೂ ಕುಂಡಕ್ಕೆ ಬಂದಿಲ್ಲ.”

ಚಿಕ್ಕವಳು ನಗು ತಡೆದುಕೊಂಡು ಕಟ್ಟೆಯ ಮೇಲೆ ಕೂತಳು. ಗಿಡ ಎಂದು ಬರೆದಳು. ಹೆಸರು. ಕೊನೆಗೆ ನೀರು ಹಾಕಿದ ದಿನ. ಪಕ್ಕದಲ್ಲಿ ಅದನ್ನು ಇಡಲು, ತೆಗೆಯಲು ಒಂದು ಪುಟ್ಟ ಉಗ್ರಾಣ. ಭಾವ ಅವಳ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು.

“ಇದಕ್ಕೆ ಹಿಂದೆ ಮುಂದೆ ಯಾರೂ ಇಲ್ವಾ?”

“ಯಾರೂ ಇಲ್ಲ ಭಾವ.”

“ಪಾಪ,” ಎಂದರು. ಆಮೇಲೆ, “ಹಾಗಿದ್ರೂ ನಡೆಯುತ್ತಾ?” ಎಂದು ಕೇಳಿದರು. ತರಬೇತಿಯಲ್ಲಿ ಇದೇ ಪ್ರಶ್ನೆಗೆ ಅರ್ಧ ಗಂಟೆ ಉತ್ತರ ಕೊಡುವವರು.

“ನೀವೇ ನೋಡಿ,” ಎಂದು ಅವಳು ಲ್ಯಾಪ್‌ಟಾಪನ್ನು ಅವರ ಕೈಗಿತ್ತಳು. ಭಾವ ಮುಳ್ಳು ತಾಗದಂತೆ ಕುಂಡಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಗಿಡದ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯತೊಡಗಿದರು. ಕೆಳಗಿನಿಂದ ಅಪ್ಪ ಯಾವುದಕ್ಕೋ ಅಕ್ಕನನ್ನು ಕೂಗುತ್ತಿದ್ದರು.